ಮುತ್ಯಾನ ಸ್ತೂಪ, ಮೊಮ್ಮಗನ ಬಸ್ಸು



ಇಂದಿನ ಓದು ಸಂಯುತ್ತ ನಿಕಾಯದ ರಾಧ ಸಂಯುತ್ತದಲ್ಲಿ ಬರುವ ಸತ್ತ ಸುತ್ತ. ಬಹಳ ಚಿಕ್ಕದು, ಎರಡು ನಿಮಿಷದಲ್ಲಿ ಓದಿ ಮುಗಿಸಬಹುದು. ನಾನೂ ಹತ್ತಾರು ಸಲ ಹಾಗೆಯೇ ಓದಿ ಮುಗಿಸಿದ್ದೆ. ಈ ಬೇಸಿಗೆ ರಜೆಯಲ್ಲಿ ನನ್ನ ಆರು ವರ್ಷದ ಮೊಮ್ಮಗ ಅದನ್ನು ಮತ್ತೊಮ್ಮೆ ಓದಿಸಿದ. ಅದನ್ನೇ ಇವತ್ತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ಸಾವಕಾಶ ಓದಿರಿ.

ಮೊದಲು ಸುತ್ತದ ವಿಷಯ. ಶ್ರಾವಸ್ತಿಯಲ್ಲಿ ರಾಧ ಎಂಬ ಭಿಕ್ಷು ಭಗವಾನರನ್ನು ಕೇಳುತ್ತಾನೆ: 'ಸತ್ತ, ಸತ್ತ ಅನ್ನುತ್ತೇವಲ್ಲ ಭಂತೇ, ಯಾವ ಅರ್ಥದಲ್ಲಿ ಸತ್ತ?' ಪಾಲಿಯಲ್ಲಿ ಸತ್ತ ಅಂದರೆ ಜೀವಿ. ಅಂಟಿಕೊಂಡದ್ದು ಎಂಬ ಅರ್ಥವೂ ಅದೇ ಶಬ್ದಕ್ಕಿದೆ. (ನಮ್ಮ ಕನ್ನಡದ 'ಸತ್ತ' ಅಲ್ಲ, ಹೊಸಬರು ಗಲಿಬಿಲಿ ಮಾಡಿಕೊಳ್ಳಬೇಡಿ.) ರೂಪಕ್ಕೆ, ವೇದನೆಗೆ, ಸಂಜ್ಞೆಗೆ, ಸಂಸ್ಕಾರಗಳಿಗೆ, ವಿಜ್ಞಾನಕ್ಕೆ ಆಸೆಯಿಂದ ಅಂಟಿಕೊಂಡಿರುವುದರಿಂದಲೇ ಜೀವಿಗೆ ಆ ಹೆಸರು ಎಂದು ಭಗವಾನರು ವಿವರಿಸುತ್ತಾರೆ. ಆಮೇಲೆ ಒಂದು ಉಪಮೆ ಕೊಡುತ್ತಾರೆ. ಹುಡುಗ ಹುಡುಗಿಯರು ಮಣ್ಣಿನಲ್ಲಿ ಮನೆ ಕಟ್ಟಿ ಆಡುತ್ತಿರುತ್ತಾರೆ. ಆ ಮನೆಗಳ ಮೇಲೆ ಆಸೆ ಇರುವ ತನಕ ಅವನ್ನು ಕಾಯುತ್ತಾರೆ, ನನ್ನದು ಅನ್ನುತ್ತಾರೆ. ಆಸೆ ತೀರಿದ ದಿನ ಅವರೇ ಕೈಕಾಲಿನಿಂದ ಕೆದರಿ ಚೆಲ್ಲಿ ಆಟ ಮುಗಿಸುತ್ತಾರೆ. ಹಾಗೆಯೇ ಐದು ಖಂಧಗಳನ್ನೂ ಕೆದರಬೇಕು ಎಂದು ರಾಧನಿಗೆ ಹೇಳುತ್ತಾರೆ.

ಈಗ ನಮ್ಮ ಮನೆಯ ಮಾತು.

ಪ್ಲಾಸ್ಟಿಕ್ ಇಟ್ಟಿಗೆಯ ಆಟಿಕೆ ನೀವೆಲ್ಲ ನೋಡಿದ್ದೀರಿ. ಮೇಲೆ ಬಟನ್ನಿನಂಥ ಉಬ್ಬು, ಕೆಳಗೆ ಟೊಳ್ಳು, ಒಂದರ ಮೇಲೊಂದು ಒತ್ತಿದರೆ ಕಚ್ಚಿಕೊಳ್ಳುತ್ತವೆ. ಇದಕ್ಕೆ ಹೆಸರು ತಂದುಕೊಟ್ಟದ್ದು ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರಿನ ಲೆಗೊ ಕಂಪನಿ. ಅದನ್ನು 1932ರಲ್ಲಿ ಶುರು ಮಾಡಿದವರು ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಿಗ, ಆಗ ಮಾಡುತ್ತಿದ್ದದ್ದು ಕಟ್ಟಿಗೆಯ ಆಟಿಕೆ. ಈಗಿನ ಮಾದರಿಯ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಆ ಕಾಲದ ಇಟ್ಟಿಗೆ ಇವತ್ತಿನದಕ್ಕೂ ಕೂಡುತ್ತದೆ. ಎಂಟು ಉಬ್ಬಿನ, ಒಂದೇ ಬಣ್ಣದ ಆರು ಇಟ್ಟಿಗೆ ಇದ್ದರೆ 91 ಕೋಟಿಗೂ ಹೆಚ್ಚು ರೀತಿಯಲ್ಲಿ ಜೋಡಿಸಬಹುದು. ನಾನು ಗಣಿತದ ಮಾಸ್ತರ, ಈ ಲೆಕ್ಕ ಕೇಳಿಯೇ ಮರುಳಾದೆ. ದೊಡ್ಡವರೂ ಇದರಲ್ಲಿ ಜಗತ್ಪ್ರಸಿದ್ಧ ಕಟ್ಟಡಗಳನ್ನು ಕಟ್ಟುತ್ತಾರೆ. 2008ರಲ್ಲಿ ಬಂದ ತಾಜಮಹಲ್ ಡಬ್ಬಿಯಲ್ಲಿ 5,900ಕ್ಕೂ ಹೆಚ್ಚು ತುಂಡುಗಳಿದ್ದವು. 2022ರ ಐಫೆಲ್ ಗೋಪುರದಲ್ಲಿ 10,001 ತುಂಡು, ನಿಲ್ಲಿಸಿದರೆ ಒಂದೂವರೆ ಮೀಟರ್ ಎತ್ತರ.

ಅಂಥ ಡಬ್ಬಿ ಕೊಳ್ಳುವ ಶಕ್ತಿ ನಮ್ಮಂಥ ಪೆನ್ಶನ್‌ದಾರರಿಗೆ ಎಲ್ಲಿಯದು? 2021ರ ಲಾಕ್‌ಡೌನಿಗೆ ಸ್ವಲ್ಪ ಮುಂಚೆ ಪುಣೆಯಲ್ಲಿರುವ ನನ್ನ ತಂಗಿಯ ಮಗ ಒಂದು ಗೋಣಿಚೀಲದ ತುಂಬ ಹಳೆಯ ಇಟ್ಟಿಗೆ ತಂದುಕೊಟ್ಟ. ಅವನ ಮಕ್ಕಳು ಆಡಿ ಬಿಟ್ಟದ್ದು. ಹತ್ತು ಬಣ್ಣ, ನಾಲ್ಕಾರು ಕಂಪನಿಯ ಮಾಲು, ಕೆಲವು ಕೂಡುತ್ತವೆ, ಕೆಲವು ಕೂಡುವುದಿಲ್ಲ. ಜೇವರ್ಗಿಯ ಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ಹೊರಗೆ ಹೋಗುವಂತಿಲ್ಲ, ಫೋನ್ ಎತ್ತಿದರೆ ಸಾವಿನ ಸುದ್ದಿ. ಸಾಂಚಿಯ ಸ್ತೂಪ ಕಟ್ಟೋಣ ಅಂದೆ. ಆಕೆ ನಕ್ಕಳು, ಆದರೆ ಮೊರ ತಂದು ಕೂತಳು. ತೊಗರಿಬೇಳೆಯಲ್ಲಿ ಕಲ್ಲು ಆರಿಸುವ ಹಾಗೆ ಬಣ್ಣ ಬಣ್ಣದ ಇಟ್ಟಿಗೆ ಆರಿಸಿದಳು. ಕೂಡದವನ್ನು ಹಲ್ಲಿನಿಂದ ಕಚ್ಚಿ ಪರೀಕ್ಷೆ ಮಾಡಿ ಬೇರೆ ಡಬ್ಬಿಗೆ ಹಾಕಿದಳು.

ಲೆಕ್ಕ ಹೀಗಿತ್ತು. ಸಾಂಚಿಯ ಮಹಾಸ್ತೂಪದ ಅಡ್ಡಳತೆ ಸುಮಾರು 36 ಮೀಟರ್, ಎತ್ತರ ಸುಮಾರು 16 ಮೀಟರ್. ನಮ್ಮ ಟೀಪಾಯಿಯ ಮೇಲೆ ಹಿಡಿಯಬೇಕಾದರೆ 90ರಲ್ಲಿ ಒಂದು ಪಾಲು, ಅಂದರೆ ಅಡ್ಡ 40 ಸೆಂ.ಮೀ., ಎತ್ತರ 18 ಸೆಂ.ಮೀ. ಒಂದು ಉಬ್ಬಿನಿಂದ ಇನ್ನೊಂದು ಉಬ್ಬಿಗೆ 8 ಮಿ.ಮೀ., ಇಟ್ಟಿಗೆಯ ಎತ್ತರ 9.6 ಮಿ.ಮೀ. ಹಾಗಾಗಿ ತಳದಲ್ಲಿ 50 ಉಬ್ಬುಗಳ ಅಗಲ, ಮೇಲಕ್ಕೆ 19 ಸಾಲು. ಚೌಕಳಿ ಹಾಳೆಯ ಮೇಲೆ ಪ್ರತಿ ಸಾಲಿಗೂ ಒಂದೊಂದು ವೃತ್ತ ಬರೆದೆ. ಚೌಕ ಇಟ್ಟಿಗೆಯಲ್ಲಿ ದುಂಡು ಬರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ದೂರ ನಿಂತು ನೋಡಿದರೆ ದುಂಡು. ಗೌಂಡಿಗಳು ಹೇಳುವ ನಿಯಮವೇ ಇಲ್ಲಿಯೂ: ಸಂದಿಯ ಮೇಲೆ ಸಂದಿ ಬರಬಾರದು, ಬಂದರೆ ಗೋಡೆ ಅಲ್ಲಿಯೇ ಬಿರಿಯುತ್ತದೆ.

ಕೆಳಗಿನ ಹತ್ತು ಸಾಲು ಸುಲಭ. ಗೋಡೆ ಬಹುತೇಕ ನೆಟ್ಟಗಿರುತ್ತದೆ. ನೆತ್ತಿಗೆ ಹೋದ ಹಾಗೆ ವೃತ್ತ ಒಮ್ಮೆಲೇ ಚಿಕ್ಕದಾಗುತ್ತದೆ, ಮೇಲಿನ ಸಾಲಿಗೆ ಕೆಳಗಿನ ಸಾಲಿನ ಆಸರೆ ಸಿಗುವುದಿಲ್ಲ. ಎರಡು ಸಲ ನೆತ್ತಿ ಒಳಗೆ ಕುಸಿಯಿತು. ನಾನು ಹಾಳೆ ಹಿಡಿದು ತಪ್ಪು ಹುಡುಕುತ್ತಿದ್ದೆ. 'ಲೆಕ್ಕ ಸಾಕು, ನಡುವ ಒಂದು ಕಂಬ ಕೊಡ್ರಿ' ಅಂದಳು ಆಕೆ. ಕೊಟ್ಟೆ, ನಿಂತಿತು. ಸಾಂಚಿಯಲ್ಲಿ ಈ ತೊಂದರೆ ಇಲ್ಲ, ಅದು ಒಳಗೆ ಗಟ್ಟಿ. ಅಶೋಕನ ಕಾಲದ ಇಟ್ಟಿಗೆಯ ಸ್ತೂಪ ನಡುವೆ, ಅದರ ಸುತ್ತ ಮುಂದಿನವರು ಕಲ್ಲಿನಿಂದ ಬೆಳೆಸಿದ್ದು. ನಾಗಪುರದ ದೀಕ್ಷಾಭೂಮಿಯದು ಹಾಗಲ್ಲ, ಒಳಗೆ ಟೊಳ್ಳು, ಸಾವಿರಾರು ಜನ ಕೂರಬಹುದು. ನಮ್ಮ ಕಲಬುರಗಿಯ ಬುದ್ಧ ವಿಹಾರ ಕಟ್ಟುವಾಗಲೂ ಕಣ್ಣ ಮುಂದೆ ಸಾಂಚಿ, ನಾಗಪುರ ಇದ್ದವು. ಒಂದು ಊರಿನ ಸ್ತೂಪ ನೋಡಿ ಇನ್ನೊಂದು ಊರಿನವರು ಕಟ್ಟುವುದು ಹಳೆಯ ಪದ್ಧತಿ. ಕನಗನಹಳ್ಳಿಯ ಚಪ್ಪಡಿಗಳಲ್ಲಿ ಸ್ತೂಪದ ಮೈಮೇಲೆಯೇ ಪುಟ್ಟ ಪುಟ್ಟ ಸ್ತೂಪಗಳನ್ನು ಕೆತ್ತಿದ್ದಾರೆ, ಹೋದಾಗ ನೋಡಿರಿ.

ನಮ್ಮ ಸ್ತೂಪ ಮುಗಿಯಲು ಎರಡು ತಿಂಗಳಾಯಿತು. ಬುಡ ಹಳದಿ, ನಡು ಕೆಂಪು, ನೆತ್ತಿಯ ಮೇಲೆ ಬಿಳಿ ಬಣ್ಣದ ಹರ್ಮಿಕಾ, ಯಾಕೆಂದರೆ ಬಿಳಿ ಅಷ್ಟೇ ಉಳಿದಿತ್ತು. ಮರುವರ್ಷ ಆಕೆ ತೀರಿಕೊಂಡಳು.

ಅಂದಿನಿಂದ ಸ್ತೂಪ ಟಿ.ವಿ. ಪಕ್ಕದ ಟೀಪಾಯಿಯ ಮೇಲಿದೆ. ವಾರಕ್ಕೊಮ್ಮೆ ಹಳೆಯ ಬ್ರಷ್‌ನಿಂದ ಧೂಳು ತೆಗೆಯುತ್ತೇನೆ. ಬಂದವರು ಮುಟ್ಟಲು ಹೋದರೆ ಮೈ ಉರಿಯುತ್ತಿತ್ತು. ನೀವು ಕೆಲವರು ಅದಕ್ಕೆ ಕೈಮುಗಿದದ್ದೂ ಉಂಟು. ಆಗ ನಾನು ಸುಮ್ಮನಿದ್ದೆ. ಸುಮ್ಮನಿರಬಾರದಿತ್ತು.

ಕಳೆದ ಮೇ ತಿಂಗಳಲ್ಲಿ ಆಳಂದದಿಂದ ಮಗಳು, ಮೊಮ್ಮಗ ಬಂದರು. ಎರಡನೆಯ ದಿನ ಮಧ್ಯಾಹ್ನ ನಾನು ಮಲಗಿ ಎದ್ದು ಬಂದರೆ ಸ್ತೂಪದ ನೆತ್ತಿ ಇಲ್ಲ. ಪೂರ್ವದ ಮಗ್ಗುಲಿಗೆ ಅಂಗೈ ಅಗಲದ ತೂತು. ಹುಡುಗ ನೆಲದ ಮೇಲೆ ಕೂತು ಕೆಂಪು ಬಿಳಿ ಇಟ್ಟಿಗೆಯಲ್ಲಿ ಬಸ್ಸು ಕಟ್ಟುತ್ತಿದ್ದ. 'ಮುತ್ಯಾ, ನೋಡು, ಆಳಂದ ಬಸ್!' ಅಂದ. ನಾನು ಅವನ ಕೈ ಮೇಲೆ ಜೋರಾಗಿ ಹೊಡೆದೆ. ಬಸ್ಸು ಗೋಡೆಗೆ ಬಡಿದು ಒಡೆಯಿತು. ಇಪ್ಪತ್ತೆಂಟು ವರ್ಷ ಮಾಸ್ತರಕಿ ಮಾಡಿ ಯಾವ ಹುಡುಗನಿಗೂ ಹಾಗೆ ಹೊಡೆದವನಲ್ಲ.

ಹುಡುಗ ಅಳಲಿಲ್ಲ. ಅಡುಗೆಮನೆಯಲ್ಲಿ ಅವ್ವನ ಸೆರಗು ಹಿಡಿದು ನಿಂತ. ರಾತ್ರಿ ಊಟಕ್ಕೆ ಕರೆದರೆ ಬರಲಿಲ್ಲ. ಮಗಳು ಬೈಯಲಿಲ್ಲ, ತಟ್ಟೆ ಇಡುತ್ತ ಇಷ್ಟೇ ಅಂದಳು: 'ಅಪ್ಪಾ, ಅವ್ವ ಇದ್ದಿದ್ರ ಅವನ ಕೂಡ ಕೂತು ಬಸ್ ಕಟ್ತಿದ್ಲು.'

ಮರುದಿನ ಭಾನುವಾರ. ನಮ್ಮ ಮನೆಯಲ್ಲೇ ಸಭೆ. ಪಾಠ ಹೇಳುವ ಪಾಳಿ ನನ್ನದು, ಹದಿನೈದು ದಿನ ಮೊದಲೇ ನಾನೇ ಆರಿಸಿದ್ದ ಪಾಠ ಸತ್ತ ಸುತ್ತ. ಬಂದವರಿಗೆ ನೆನಪಿರಬಹುದು, ಮಣ್ಣಿನ ಮನೆಯ ಭಾಗ ಬಂದಾಗ ನಾನು ಓದುವುದನ್ನು ನಿಲ್ಲಿಸಿ ನೀರು ಕೇಳಿದೆ. ಗಂಟಲು ಒಣಗಿರಲಿಲ್ಲ. ಉಪಮೆಯಲ್ಲಿ ಮಕ್ಕಳು ಯಾರು ಎಂದು ಅವತ್ತು ಕಂಡಿತು. ಮೊಮ್ಮಗ ಬಸ್ಸು ಒಡೆದದ್ದಕ್ಕೆ ಅರ್ಧ ಗಂಟೆಯಲ್ಲಿ ಮರೆತು ಬೇರೆ ಆಟಕ್ಕೆ ಹೋಗಿದ್ದ. ಮನೆ ಕಾಯುತ್ತ ನನ್ನದು ನನ್ನದು ಅನ್ನುತ್ತಿದ್ದವನು ಅರವತ್ತೈದರ ನಾನು. ಕಾಯುತ್ತಿದ್ದದ್ದು ಇಟ್ಟಿಗೆಯನ್ನೂ ಅಲ್ಲ. ಮೊರದ ಮುಂದೆ ಕೂತ ಒಬ್ಬಳನ್ನು ಪ್ಲಾಸ್ಟಿಕ್ಕಿನೊಳಗೆ ಹಿಡಿದಿಡಲು ನೋಡುತ್ತಿದ್ದೆ. ಸುತ್ತದಲ್ಲಿ ಭಗವಾನರು ಮನೆಯ ಮಾತು ಬಿಟ್ಟು ನೇರ ವೇದನೆ, ಸಂಜ್ಞೆಗಳಿಗೆ ಹೋಗುವುದು ಯಾಕೆ ಎಂದು ನನಗೆ ಹಿಂದೆ ತಿಳಿದಿರಲಿಲ್ಲ.

ಅವತ್ತು ಅಫಜಲಪುರದ ಒಬ್ಬ ತರುಣ ಒಳ್ಳೆಯ ಪ್ರಶ್ನೆ ಕೇಳಿದ: 'ಎಲ್ಲಾ ಕೆದರಬೇಕು ಅಂದ್ರ ನಾವು ಕನಗನಹಳ್ಳಿ ಸ್ತೂಪ ಮತ್ತ ನಿಲ್ಲಬೇಕು ಅಂತ ಯಾಕ ಬಡಿದಾಡ್ತೀವಿ ಸರ್? ಅದೂ ಮಣ್ಣಿನ ಮನೀನೇ ಅಲ್ಲೇನು?'

ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ವಿಗ್ರಹದ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಎಂದು ಗೊತ್ತಾದದ್ದು 1980ರ ದಶಕದ ಕೊನೆಯಲ್ಲಿ. ಆಮೇಲೆ 1990ರ ದಶಕದಲ್ಲಿ ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಸಿಕ್ಕಿದ್ದು ಕುಸಿದ ಮಹಾಸ್ತೂಪ. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ರಾಣಿಯರ ಜೊತೆ ನಿಂತ ಅಶೋಕನ ಶಿಲ್ಪ, ಮೇಲೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಎಂಬ ಹೆಸರು. ಹೆಸರು ಬರೆದ ಅಶೋಕನ ಶಿಲ್ಪ ಸಿಕ್ಕಿದ್ದು ನಮ್ಮ ಜಿಲ್ಲೆಯ ಹೊಲದಲ್ಲಿ! ಅಂಥ ಸುಣ್ಣಕಲ್ಲಿನ ಚಪ್ಪಡಿಗಳು ವರ್ಷಗಟ್ಟಲೆ ಮಳೆ ಬಿಸಿಲಿಗೆ ಬಿದ್ದಿದ್ದನ್ನು ನಾವೆಲ್ಲ ಕಣ್ಣಾರೆ ಕಂಡವರು.

ತರುಣನಿಗೆ ನಾನು ಉತ್ತರ ಕೊಡುವ ಮೊದಲೇ ಆಳಂದದ ಹಿರಿಯ ತಾಯಿಯೊಬ್ಬರು ಮಾತಾಡಿದರು. 'ತಮ್ಮಾ, ಆ ಮಕ್ಕಳು ತಾವ ಕಟ್ಟಿ, ಆಡಿ, ಸಾಕಾಗಿ ಕೆದರಿದ್ರು. ನಮಗ ಅದು ನಮ್ಮದು ಅಂತ ಗೊತ್ತಾಗೂಕಿಂತ ಮೊದಲ ಮಣ್ಣಾಗಿತ್ತು. ಕೈಯಾಗ ಹಿಡೀಲಾರದ್ದು ಬಿಡು ಅಂದ್ರ ಹೆಂಗ ಬಿಡಬೇಕು?' ಸಭೆ ಸುಮ್ಮನಾಯಿತು. ನನಗೆ ಈಗಲೂ ಆ ಮಾತಿಗಿಂತ ಒಳ್ಳೆಯ ಉತ್ತರ ಹೊಳೆದಿಲ್ಲ. ಒಂದನ್ನು ಮಾತ್ರ ಸೇರಿಸುತ್ತೇನೆ. ಸುತ್ತದಲ್ಲಿ ಯಾರೂ ಇನ್ನೊಬ್ಬರ ಮನೆ ಕೆದರುವುದಿಲ್ಲ. ತ್ಯಾಗದ ಪಾಠವನ್ನು ಬೇರೆಯವರ ವಸ್ತುವಿನ ಮೇಲೆ ಪ್ರಯೋಗ ಮಾಡುವವರನ್ನು ನಾವು ಬಹಳ ಕಂಡಿದ್ದೇವೆ, ಎಚ್ಚರ ಇರಲಿ.

ಮಹಾಯಾನದವರ ಸದ್ಧರ್ಮಪುಂಡರೀಕದ ಎರಡನೆಯ ಅಧ್ಯಾಯದಲ್ಲಿ ಇನ್ನೊಂದು ಬಗೆಯ ಮಾತು ಬರುತ್ತದೆ. ಆಟಕ್ಕೆಂದು ಮರಳು ಗುಡ್ಡೆ ಹಾಕಿ ಸ್ತೂಪ ಮಾಡಿದ ಮಕ್ಕಳೂ ಬೋಧಿಯ ದಾರಿಯಲ್ಲಿದ್ದಾರೆ ಎಂದು ಅಲ್ಲಿ ಹೇಳಿದೆ. ನಮ್ಮ ಗುಂಪಿನಲ್ಲಿ ಪಾಲಿ ಓದುವವರೇ ಹೆಚ್ಚು, ಆದರೂ ಇದನ್ನು ಪಕ್ಕದಲ್ಲಿಟ್ಟು ಓದಿರಿ. ಅಲ್ಲಿ ಕಟ್ಟುವ ಮಾತು, ಇಲ್ಲಿ ಕೆದರುವ ಮಾತು. ದೀಘ ನಿಕಾಯದ ಬ್ರಹ್ಮಜಾಲ ಸುತ್ತದಲ್ಲಿ ಆಟಿಕೆ ಗಾಡಿ, ಆಟಿಕೆ ನೇಗಿಲುಗಳ ಒಂದು ದೊಡ್ಡ ಪಟ್ಟಿಯೇ ಇದೆ, ಅವುಗಳಿಂದ ದೂರ ಇರುವುದು ಸಮಣರ ಶೀಲ ಎಂದು. ಅದು ಮನೆ ಬಿಟ್ಟವರಿಗೆ. ಆರು ವರ್ಷದವರಿಗೂ ಅಲ್ಲ, ನನಗೂ ಅಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಸಭೆ ಮುಗಿದ ಮೇಲೆ ಒಡೆದ ಬಸ್ಸಿನ ತುಂಡುಗಳನ್ನು ಸೋಫಾದ ಕೆಳಗಿನಿಂದ ಹೆಕ್ಕಿ ಮೊರಕ್ಕೆ ಹಾಕಿ ಹುಡುಗನ ಮುಂದೆ ಇಟ್ಟೆ. 'ತಪ್ಪಾತು ಮರೀ' ಅಂದೆ. ಅವನು ನನ್ನ ಕೈ ನೋಡಿದ, ಮುಖ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ 'ಗಾಲಿಗೆ ಕರಿ ಬೇಕು' ಅಂದ. ಕರಿ ಇಟ್ಟಿಗೆ ಇದ್ದದ್ದು ಸ್ತೂಪದೊಳಗಿನ ಕಂಬದಲ್ಲಿ ಮಾತ್ರ, ಹೊರಗೆ ಕಾಣದ ಜಾಗ ಎಂದು ಆಕೆ ಕರಿ ಬಣ್ಣವನ್ನೆಲ್ಲ ಅಲ್ಲಿ ಹಾಕಿಸಿದ್ದಳು. ಅದನ್ನು ತೆಗೆದರೆ ಉಳಿದ ನೆತ್ತಿಯೂ ಬೀಳುತ್ತದೆ.

ನಾನು ಸ್ವಲ್ಪ ಹೊತ್ತು ನಿಂತೆ. ಸುಳ್ಳು ಯಾಕೆ, ಸ್ವಲ್ಪ ಅಲ್ಲ, ಬಹಳ ಹೊತ್ತು ನಿಂತೆ. ಆಮೇಲೆ ತೂತಿನೊಳಗೆ ಕೈ ಹಾಕಿದೆ. ಹುಡುಗನೂ ಕೈ ಹಾಕಿದ. ಮೇಲಿನ ಆರು ಸಾಲು ದಡದಡ ಬಿದ್ದವು, ಅವನು ಖುಷಿಯಿಂದ ಕೂಗಿದ.

ಬಸ್ಸಿಗೆ ನಾಲ್ಕು ಗಾಲಿ ಆಯಿತು, ಅದು ಈಗ ಆಳಂದದಲ್ಲಿದೆ. ಹದಿಮೂರು ಸಾಲಿನ ಬೋಳು ಸ್ತೂಪ ಇಲ್ಲಿ ಟೀಪಾಯಿಯ ಮೇಲಿದೆ. ದೀಪಾವಳಿ ರಜೆಗೆ ಬಂದಾಗ ಏನು ಕಟ್ಟುವುದು ಎಂದು ಫೋನಿನಲ್ಲಿ ಚರ್ಚೆ ನಡೆದಿದೆ. ಅವನಿಗೆ ರೈಲು ಬೇಕಂತೆ. ರೈಲಿಗೆ ಇನ್ನೂ ಬಹಳ ಕರಿ ಇಟ್ಟಿಗೆ ಬೇಕು. ನಿಮ್ಮ ಮನೆಯಲ್ಲಿ ಮಕ್ಕಳು ಆಡಿ ಬಿಟ್ಟದ್ದು ಇದ್ದರೆ ಮುಂದಿನ ಭಾನುವಾರ ಅಫಜಲಪುರದ ಸಭೆಗೆ ತನ್ನಿ, ಯಾವ ಕಂಪನಿಯದಾದರೂ ಸರಿ, ಕಚ್ಚಿ ನೋಡಿ ಆರಿಸಿಕೊಳ್ಳುತ್ತೇನೆ. ರಾಧ ಸಂಯುತ್ತದ ಮುಂದಿನ ಸುತ್ತ ಓದಿಕೊಂಡು ಬನ್ನಿ.

ಭವತು ಸಬ್ಬ ಮಂಗಲಂ.