ಬೆಳೆಯುವ ಮಕ್ಕಳಿಗೆ ಕೃತ್ರಿಮ ಕಾಲು

ಕಾಲು ಕಳೆದುಕೊಂಡ ಮಕ್ಕಳಿಗೆ ಕೃತ್ರಿಮ ಕಾಲುಗಳನ್ನು ಕೊಡಿಸುವುದಕ್ಕಾಗಿ ವಂತಿಗೆ ಎತ್ತುವುದು ಪುಣ್ಯದ ಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ದಾನವು ಸಫಲವಾಗಬೇಕಾದರೆ ಕೊಡುವ ವಸ್ತುವಿನ ಸ್ವಭಾವವನ್ನು ದಾನಿಯು ಅರಿತಿರಬೇಕು. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಾನ್ಯ ಪೋಷಕರೂ ಈ ವಿಷಯವನ್ನು ನಮ್ಮೊಡನೆ ಕೊಂಚ ವಿಚಾರಿಸಿ ನೋಡಬೇಕೆಂದು ಬೇಡುತ್ತೇವೆ.

ಪಾಶ್ಚಾತ್ಯ ದೇಶಗಳ ಹಳೆಯ ಮಾದರಿಯ ಕೃತ್ರಿಮ ಪಾದಕ್ಕೆ ಬೂಟು ಅವಶ್ಯವಾಗಿತ್ತು. ಅದನ್ನು ಧರಿಸಿ ಕುಕ್ಕರಗಾಲಲ್ಲಿ ಕೂಡುವುದೂ ಕೆಸರಿನಲ್ಲಿ ನಡೆಯುವುದೂ ಕಷ್ಟ. ನೆಲದ ಮೇಲೆ ಕುಳಿತು ಉಣ್ಣುವ, ಬರಿಗಾಲಲ್ಲಿ ಹೊಲಕ್ಕೆ ಹೋಗುವ ಜನರಿಗೆ ಅದರಿಂದೇನು ಪ್ರಯೋಜನ? ಈ ಕೊರತೆಯನ್ನು ಕಂಡು ಜಯಪುರದ ಸವಾಯಿ ಮಾನಸಿಂಹ ಆಸ್ಪತ್ರೆಯಲ್ಲಿ ಡಾಕ್ಟರ್ ಪಿ. ಕೆ. ಸೇಠಿಯವರೂ ರಾಮಚಂದ್ರ ಶರ್ಮರೆಂಬ ಕುಶಲಕರ್ಮಿಯೂ ಕೂಡಿ 1960ರ ದಶಕದ ಕೊನೆಯಲ್ಲಿ ರಬ್ಬರು ಮತ್ತು ಮರದಿಂದ ಹೊಸ ಪಾದವೊಂದನ್ನು ರಚಿಸಿದರು. ಇದೇ ‘ಜಯಪುರ ಪಾದ’. ಇದಕ್ಕೆ ಬೂಟು ಬೇಡ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ದೊರೆಯಿತು. ಡಿ. ಆರ್. ಮೆಹತಾ ಅವರು 1975ರಲ್ಲಿ ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯು ಈ ಕಾಲುಗಳನ್ನು ಬಡವರಿಂದ ಕಾಸೂ ಪಡೆಯದೆ ಕೊಡುತ್ತಲಿದೆ. ಏಷ್ಯಾ, ಆಫ್ರಿಕಾ ಖಂಡಗಳ ಬಡದೇಶಗಳಲ್ಲಿಯೂ ಶಿಬಿರಗಳನ್ನು ನಡೆಸಿದೆ. ನಮ್ಮ ನಾಡಿನಲ್ಲಿ, 1994ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಎಂಬ ಸಂಸ್ಥೆಯು ಅಂಗಗಳನ್ನು ಮಾಡಿಕೊಡುವುದಲ್ಲದೆ ಆ ವಿದ್ಯೆಯನ್ನೂ ಕಲಿಸುತ್ತದೆ.

ಹಾಗಾದರೆ ಒಂದು ಸಲ ಹಣ ಕೂಡಿಸಿ ಒಂದು ಕಾಲನ್ನು ಕೊಡಿಸಿದರೆ ನಮ್ಮ ಕರ್ತವ್ಯವು ತೀರಿತೇ? ತೀರಲಿಲ್ಲ. ಯಾಕಂದರೆ ಮಗುವು ಬೆಳೆಯುತ್ತದೆ, ಕೃತ್ರಿಮ ಕಾಲು ಬೆಳೆಯುವುದಿಲ್ಲ. ಮೊಂಡುಗಾಲು ಕೂಡುವ ಬಟ್ಟಲಿನಂತಹ ಭಾಗವು ಕೆಲವು ತಿಂಗಳಲ್ಲಿಯೇ ಬಿಗಿಯಾಗಿ ಚರ್ಮವನ್ನು ತರಚುತ್ತದೆ. ಸಹಜವಾದ ಕಾಲು ಉದ್ದವಾಗಿ ನಡೆಯು ಓರೆಯಾಗುತ್ತದೆ. ಕೆಲವು ಮಕ್ಕಳಲ್ಲಿ ಕತ್ತರಿಸಿದ ಎಲುಬಿನ ತುದಿಯೇ ಬೆಳೆದು ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದುಂಟು. ಆದ್ದರಿಂದ ಬೆಳೆಯುವ ವಯಸ್ಸಿನಲ್ಲಿ ಸುಮಾರು 6ರಿಂದ 12 ತಿಂಗಳಿಗೊಮ್ಮೆ ಕಾಲನ್ನು ತಿದ್ದಿಸಬೇಕು, ಇಲ್ಲವೆ ಹೊಸದನ್ನು ಮಾಡಿಸಬೇಕು. 6ನೆಯ ವರುಷದಲ್ಲಿ ಕಾಲು ಕಳೆದುಕೊಂಡ ಹುಡುಗಿಯು 16ನೆಯ ವರುಷಕ್ಕೆ ಬರುವಷ್ಟರಲ್ಲಿ ಎಷ್ಟು ಸಲ ಅಳತೆ ಕೊಡಬೇಕೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ. ಕಾಲು ಕೊಟ್ಟರೆ ಸಾಲದು, ಕಾಲಕಾಲಕ್ಕೆ ಕೊಡಬೇಕು. ಇಲ್ಲದಿದ್ದರೆ ಮೊದಲನೆಯ ಕಾಲು ಅಟ್ಟವನ್ನು ಸೇರುವುದು. ಮಗುವು ಶಾಲೆ ಬಿಟ್ಟು ಮೂಲೆಯನ್ನು ಸೇರುವುದು.

ಇನ್ನೊಂದು ಸಂಗತಿಯೂ ಉಂಟು. ಕಾಲು ಧರ್ಮಾರ್ಥವಾಗಿ ಸಿಕ್ಕಿದರೂ ದಾರಿಯ ಖರ್ಚು ಧರ್ಮಾರ್ಥವಲ್ಲ. ಹಡಗಲಿಯ ಸೀಮೆಯ ಕೂಲಿಯವಳು ಮಗುವನ್ನೆತ್ತಿಕೊಂಡು ಬೆಂಗಳೂರಿಗೆ ಹೋಗಿಬರಬೇಕಾದರೆ ಬಸ್ಸಿನ ಚಾರ್ಜು, ಉಳಿಯುವ ಖರ್ಚು, ತಪ್ಪಿದ ದಿನಗಳ ಕೂಲಿ, ಇವೆಲ್ಲವೂ ಅವಳ ತಲೆಯ ಮೇಲೆಯೇ. ಸಹಾಯಕ ಸಾಧನಗಳು ಬೇಕಾದವರಲ್ಲಿ 10ರಲ್ಲಿ ಒಬ್ಬರಿಗೆ ಮಾತ್ರ ಅವು ದೊರೆಯುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿತ್ತು. ಬೆಲೆಯಷ್ಟೇ ಅಲ್ಲ, ದೂರವೂ ಇದಕ್ಕೆ ಕಾರಣ.

ಹೀಗಿರಲಾಗಿ ವಂತಿಗೆಯನ್ನು ಎತ್ತುವ ರೀತಿಯೂ ಬದಲಾಗಬೇಕು. ಉತ್ಸವದ ದಿನದ ದೊಡ್ಡ ಕಾಣಿಕೆಗಿಂತ ನಿತ್ಯದ ಸಣ್ಣ ಕಾಣಿಕೆಯೇ ಇಲ್ಲಿ ಬೇಕಾದದ್ದು. ಮಿಜೋರಾಂ ಸೀಮೆಯ ಕ್ರೈಸ್ತ ಸ್ತ್ರೀಯರು 1910ರಿಂದಲೂ ಅಡಿಗೆ ಮಾಡುವಾಗಲೆಲ್ಲ ಒಂದು ಹಿಡಿ ಅಕ್ಕಿಯನ್ನು ತೆಗೆದಿಟ್ಟು ಸಭೆಗೆ ಒಪ್ಪಿಸುತ್ತ ಬಂದಿದ್ದಾರೆ. ಆ ಹಿಡಿಯಕ್ಕಿಯಿಂದ ದೊಡ್ಡ ದೊಡ್ಡ ಕಾರ್ಯಗಳು ನಡೆದಿವೆ. ನಮ್ಮ ಹಡಗಲಿಯ ಮಲ್ಲಿಗೆಯೂ ಒಂದೇ ದಿನ ರಾಶಿಯಾಗಿ ಬರುವುದಿಲ್ಲ. ದಿನದ ಮೊಗ್ಗನ್ನು ದಿನವೇ ಬಿಡಿಸಿ ಮೊಳಮೊಳವಾಗಿ ಕಟ್ಟುತ್ತಾರೆ. ಹನಿಗೂಡಿದರೆ ಹಳ್ಳವಲ್ಲವೇ?

ಆದುದರಿಂದ ಇಂತಹ ನಿಧಿಗೆ ಕೊಡುವ ಮುಂಚೆ ನಾವು ಮೂರು ಪ್ರಶ್ನೆಗಳನ್ನು ಕೇಳೋಣ. ಎರಡನೆಯ, ಮೂರನೆಯ ಕಾಲುಗಳಿಗಾಗಿ ಹಣವನ್ನು ತೆಗೆದಿಟ್ಟಿದೆಯೇ? ತಾಯಿಯ ದಾರಿಖರ್ಚಿಗೂ ಕೂಲಿಗೂ ಅದರಲ್ಲಿ ಪಾಲುಂಟೇ? ಮಗುವನ್ನು ವೇದಿಕೆಯ ಮೇಲೆ ನಿಲ್ಲಿಸಿ ಅದರ ಕೊರತೆಯನ್ನು ನಾಲ್ಕು ಜನರಿಗೆ ತೋರಿಸದೆ ದಾನವು ನಡೆಯುವುದೇ? ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಅವರ ಮಾನವನ್ನು ಕಾಯಬೇಕೆಂದು ಹೇಳುತ್ತದೆ. ನಮ್ಮ ವಿಶ್ವಾಸವು ಅದನ್ನು ಮೊದಲೇ ಕಲಿಸಿದೆ.

ಬಡ ವಿಧವೆಯ ಎರಡು ಕಾಸುಗಳನ್ನು ಕರ್ತನು ಮೆಚ್ಚಿದ ಸಂಗತಿಯನ್ನು ನಮ್ಮ ಹುಡುಗಿಯರೆಲ್ಲರೂ ಬಲ್ಲರು. ಮೊದಲನೆಯ ಕಾಲನ್ನು ಕೊಡುವವರು ಸಿಕ್ಕಾರು. ಎರಡನೆಯದಕ್ಕೆ ತಿಂಗಳು ತಿಂಗಳಿಗೆ ಕೊಂಚ ತೆಗೆದಿಡುವ ಮನಸ್ಸನ್ನು ದೇವರು ನಮಗೆ ದಯಪಾಲಿಸಲಿ.