ಒಮ್ಮೆ ಹುಡುಕಿದ ಜಾಗದಲ್ಲೇ ಮತ್ತೆ?

ಪ್ರಶ್ನೆ: ಕಳೆ ಕೀಳುವಾಗ ಅಜ್ಜಿಯ ಉಂಗುರ ಹೊಲದಲ್ಲಿ ಬಿದ್ದುಹೋಯಿತು. ಅವರು ಕೂತು ಕಳೆ ಕಿತ್ತ ಕಡೆಯೆಲ್ಲ ಮೆಟಲ್ ಡಿಟೆಕ್ಟರ್ ಆಡಿಸಿದೆವು, ಸಿಗಲಿಲ್ಲ. ಅಲ್ಲೇ ಮತ್ತೆ ಹುಡುಕಬೇಕೋ, ಬದು ದಾಟಿ ಆಚೆ ಹೋಗಬೇಕೋ?

ಉತ್ತರ: ನಿಮ್ಮ ಡಿಟೆಕ್ಟರನ್ನು ಎಷ್ಟು ನಂಬಬಹುದು ಎಂಬುದನ್ನು ಮೊದಲು ತಿಳಿಯಬೇಕು. 100 ಹುಣಸೆಬೀಜ ತೆಗೆದುಕೊಳ್ಳಿ. ಉಂಗುರ ಬದುವಿನ ಈಚೆ ಇರುವ ಸಂಭವಕ್ಕೆ 60, ಆಚೆಗೆ 40 ಇಡಿ. ಉಂಗುರ ಇದ್ದಲ್ಲಿ ಹತ್ತರಲ್ಲಿ ಏಳು ಸಲ ಹಿಡಿಯುವ ಯಂತ್ರವಾದರೆ, ಈಚೆ ಹುಡುಕಿ ಬರಿಗೈಯಾದ ಮೇಲೆ 42 ಬೀಜ ತೆಗೆಯಬೇಕು, ಉಳಿಯುವುದು 18. ಆಗ ಬದು ದಾಟಿ. ಹತ್ತರಲ್ಲಿ ಮೂರೇ ಸಲ ಹಿಡಿಯುವಂಥದ್ದಾದರೆ ತೆಗೆಯುವುದು 18, ಉಳಿಯುವುದು 42. ಈಚೆಯ ರಾಶಿಯೇ ಇನ್ನೂ ದೊಡ್ಡದು! ಉಂಗುರ ಎದ್ದು ಓಡಾಡುವುದಿಲ್ಲವಾದ್ದರಿಂದ ಈ ಲೆಕ್ಕ ನಾಳೆಗೂ ನಿಲ್ಲುತ್ತದೆ.

ಈ ಲೆಕ್ಕ ಎಷ್ಟು ದೊಡ್ಡದೆಂದು ನನಗೆ ಮನದಟ್ಟಾದದ್ದು ಏರ್ ಫ್ರಾನ್ಸ್ 447ರ ಕಥೆಯಿಂದ. ರಿಯೊದಿಂದ ಪ್ಯಾರಿಸ್‌ಗೆ ಹಾರುತ್ತಿದ್ದ ಆ ವಿಮಾನ 2009ರ ಜೂನ್ 1ರಂದು 228 ಜನರೊಂದಿಗೆ ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. ಆಗಿನ ಕಪ್ಪುಪೆಟ್ಟಿಗೆಯ ಬೀಕನ್ ನೀರಿನಡಿ ಸುಮಾರು 30 ದಿನ ಟಿಕ್ ಟಿಕ್ ಎನ್ನಬೇಕಿತ್ತು. ಹಡಗುಗಳು ಕಿವಿಗೊಟ್ಟು ಸಾಗಿದವು, ಸದ್ದಿಲ್ಲ. ಕೊನೆಯ ಸಂದೇಶ ಬಂದ ಜಾಗದ ಆಸುಪಾಸಿನಲ್ಲಿ ವಿಮಾನವಿಲ್ಲ ಎಂದುಕೊಂಡು ಹುಡುಕಾಟ ಬೇರೆಡೆಗೆ ಹೊರಳಿತು. ಸತ್ತವರ ಮನೆಯವರು ಕಾಯುತ್ತಲೇ ಇದ್ದರು. ಅಮೆರಿಕದ ಮೆಟ್ರಾನ್ ಸಂಸ್ಥೆಯ ಗಣಿತಜ್ಞರು ಬೀಜಗಳನ್ನು ಮತ್ತೆ ಎಣಿಸಿದರು: ಬೀಕನ್‌ಗಳೇ ಕೆಟ್ಟಿದ್ದರೆ? ಕೈಬಿಟ್ಟ ಜಾಗದಲ್ಲೇ ರಾಶಿ ಎದ್ದಿತು. 2011ರ ಏಪ್ರಿಲ್ 3ರಂದು, ಹೊಸ ಹುಡುಕಾಟ ಶುರುವಾದ ಸುಮಾರು ಒಂದು ವಾರಕ್ಕೆ, ಅವಶೇಷಗಳು ಅಲ್ಲೇ 3,900 ಮೀಟರ್ ಆಳದಲ್ಲಿ ಕಂಡವು.

ಅಲ್ಲಿ ನಿಮಗೂ ಬೇಕಾದ ಒಂದು ಎಚ್ಚರವಿದೆ. ಕೆಟ್ಟ ಬೀಕನ್‌ಗೆ ಹತ್ತು ಸಲ ಕಿವಿಗೊಟ್ಟರೂ ಒಂದು ಸಲ ಕೊಟ್ಟಷ್ಟೇ ಫಲ. 2011ರಲ್ಲಿ ಕಣ್ಣಿಗೆ ಬಿದ್ದದ್ದು ಸದ್ದಿನ ಜಾಡಿನಿಂದಲ್ಲ, ಕಡಲತಳವನ್ನು ಸೋನಾರ್‌ನಿಂದ ಬಾಚಿ. ಉಂಗುರ ಆಳಕ್ಕೆ ಇಳಿದಿದ್ದರೆ ನಿಮ್ಮ ಡಿಟೆಕ್ಟರೂ ಪ್ರತಿಸಲ ಹಾಗೆಯೇ ಸುಮ್ಮನಿರುತ್ತದೆ. ಮಣ್ಣಿನ ಮೇಲ್ಪದರ ಕೆದರಿ ಜರಡಿ ಹಿಡಿಯಿರಿ.

ಅದಕ್ಕೂ ಮೊದಲು ಅಂಥದೇ ಇನ್ನೊಂದು ಉಂಗುರಕ್ಕೆ ಉದ್ದನೆಯ ದಾರ ಕಟ್ಟಿ, ಅದೇ ಹೊಲದಲ್ಲಿ ಗೇಣುದ್ದ ಹೂತಿಡಿ. ಹೂತ ಜಾಗ ಗೊತ್ತಿಲ್ಲದವರ ಕೈಗೆ ಡಿಟೆಕ್ಟರ್ ಕೊಡಿ. ಜಾಗ ಬದಲಿಸಿ ಹತ್ತು ಸಲ ಮಾಡಿಸಿ, ಎಷ್ಟು ಸಲ ಕೂಗಿತು ಎಂದು ಎಣಿಸಿ. ಮೂರೇ ಸಲವಾದರೆ, ಅಜ್ಜಿ ಕೂತಿದ್ದ ಸಾಲಿಗೇ ವಾಪಸು ಬನ್ನಿ.