ಕಾರಿನ ಸ್ಟೀರಿಯೊದಲ್ಲಿ ವಿದ್ಯುತ್ತಿನ ದೋಷವನ್ನು ಹುಡುಕುವ ಬಗೆ

ನಾಡಿ ಹಿಡಿಯದೆ ಮದ್ದು ಕೊಡುವವನನ್ನು ನಾವು ಅಳಲೆಕಾಯಿ ಪಂಡಿತನೆನ್ನುತ್ತೇವೆ. ಯಂತ್ರಗಳ ವಿಷಯದಲ್ಲಿ ಮಾತ್ರ ಈ ಪಂಡಿತರಿಗೆ ನಮ್ಮಲ್ಲಿ ಬಹಳ ಮನ್ನಣೆ. ಕಾರಿನ ಸ್ಟೀರಿಯೊ ಮೂಕವಾಯಿತೆನ್ನಿ. ಫ್ಯೂಸನ್ನು ಬದಲಾಯಿಸು, ಅದೂ ಸುಟ್ಟರೆ ಇನ್ನೂ ದೊಡ್ಡದನ್ನು ಹಾಕು, ಅದರಿಂದಲೂ ಆಗದಿದ್ದರೆ ಪೆಟ್ಟಿಗೆಯನ್ನೇ ಎಸೆದು ಹೊಸದನ್ನು ಕೊಳ್ಳು, ಇದೇ ಚಿಕಿತ್ಸೆಯ ಕ್ರಮ. ಅನೇಕ ವೇಳೆ ಪೆಟ್ಟಿಗೆಗೆ ಯಾವ ರೋಗವೂ ಇರುವುದಿಲ್ಲ. ರೋಗವಿರುವುದು ಅದಕ್ಕೆ ವಿದ್ಯುತ್ತನ್ನು ತಂದುಕೊಡುವ ಹಾದಿಯಲ್ಲಿ. ಆ ಹಾದಿಯನ್ನು ಕ್ರಮವಾಗಿ ಪರೀಕ್ಷಿಸುವ ಬಗೆಯನ್ನು, ಭೌತಶಾಸ್ತ್ರವನ್ನು ಹೈಸ್ಕೂಲಿನಲ್ಲೇ ಬಿಟ್ಟುಬಂದ ಕಲಾವಿಭಾಗದ ಸ್ನೇಹಿತರಿಗೂ ತಿಳಿಯುವಂತೆ, ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಕಾರಿನಲ್ಲಿ ಸಂಗೀತ ಕೇಳುವ ಆಸೆ ಹೊಸದಲ್ಲ. ಅಮೆರಿಕದ ಷಿಕಾಗೋ ನಗರದಲ್ಲಿ ಪಾಲ್ ಗಾಲ್ವಿನ್ ಎಂಬಾತನ ಕಂಪೆನಿಯು ೧೯೩೦ರಲ್ಲಿಯೇ ‘ಮೋಟೊರೋಲ’ ಎಂಬ ಹೆಸರಿನ ಕಾರ್ ರೇಡಿಯೋವನ್ನು ಹೊರತಂದಿತು. ಆ ಕಾಲದ ಪೆಟ್ಟಿಗೆಗಳಲ್ಲಿದ್ದುದು ಗಾಜಿನ ವಾಲ್ವುಗಳು. ಅವುಗಳಿಗೆ ಕಾರಿನ ಬ್ಯಾಟರಿಯ ಒತ್ತಡ ಸಾಲದು. ಒಳಗಿನ ತಂತುಗಳೂ ಕಾಲಕ್ರಮದಲ್ಲಿ ಸವೆದು ಸುಟ್ಟುಹೋಗುವಂಥವು. ೧೯೪೭ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ೧೯೫೫ರಲ್ಲಿ ಫಿಲ್ಕೊ ಮತ್ತು ಕ್ರೈಸ್ಲರ್ ಕಂಪೆನಿಗಳು ವಾಲ್ವುಗಳೇ ಇಲ್ಲದ ಕಾರ್ ರೇಡಿಯೋವನ್ನು ಪ್ರಕಟಿಸಿದವು. ಇಂದಿನ ಸ್ಟೀರಿಯೊ ಕಾರಿನ ೧೨ ವೋಲ್ಟಿನಿಂದಲೇ ನೇರವಾಗಿ ನಡೆಯುತ್ತದೆ. ಸವೆಯುವ ತಂತು ಅದರಲ್ಲಿಲ್ಲ. ಆದ್ದರಿಂದ ನಮ್ಮ ಸಂಶಯ ಮೊದಲು ಹೋಗಬೇಕಾದದ್ದು ತಂತಿಗಳ ಮತ್ತು ಕೂಡಿಕೆಗಳ ಕಡೆಗೆ.

ಈಗ ಹಾದಿಯನ್ನು ನೋಡೋಣ. ಕಾರಿನ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ. ಒಂದೊಂದಕ್ಕೆ ಸುಮಾರು ೨.೧ ವೋಲ್ಟಿನಂತೆ, ಪೂರ್ಣ ತುಂಬಿದಾಗ ಒಟ್ಟು ೧೨.೬ ವೋಲ್ಟು. ಎಂಜಿನ್ ನಡೆಯುವಾಗ ಆಲ್ಟರ್ನೇಟರು ಇದನ್ನು ೧೪ ವೋಲ್ಟಿನ ಆಸುಪಾಸಿಗೆ ಏರಿಸುತ್ತದೆ. ಧನಧ್ರುವದಿಂದ ಹೊರಟ ಪ್ರವಾಹವು ಫ್ಯೂಸನ್ನು ದಾಟಿ, ಪೆಟ್ಟಿಗೆಗೆ ಬಂದು, ಅಲ್ಲಿ ತನ್ನ ಕೆಲಸ ಮಾಡಿ, ಋಣಧ್ರುವಕ್ಕೆ ಹಿಂದಿರುಗಬೇಕು. ಹಿಂದಿರುಗಲು ಬ್ಯಾಟರಿಯವರೆಗೆ ಬೇರೆ ತಂತಿಯನ್ನು ಎಳೆದಿರುವುದಿಲ್ಲ. ಕಾರಿನ ಉಕ್ಕಿನ ಮೈಯೇ ತಂತಿಯ ಕೆಲಸ ಮಾಡುತ್ತದೆ. ಇದಕ್ಕೆ ರೂಢಿಯಲ್ಲಿ ‘ಅರ್ತ್’ ಎನ್ನುತ್ತಾರೆ. ಅಂಗಡಿಯಲ್ಲಿ ಕೊಂಡು ಹಾಕಿಸುವ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಹಳದಿ ತಂತಿ ಸದಾ ಬ್ಯಾಟರಿಗೆ ಸೇರಿದ್ದು. ಗಡಿಯಾರವೂ ನಿಲಯಗಳ ನೆನಪೂ ಉಳಿಯುವುದು ಅದರಿಂದ. ಕೆಂಪು ತಂತಿಗೆ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುತ್ತದೆ. ಕಪ್ಪು ತಂತಿ ಅರ್ತಿನದು. ಕಾರಿನ ಕಡೆಯ ತಂತಿಗಳಲ್ಲಿ ಈ ಬಣ್ಣಗಳನ್ನು ನಂಬತಕ್ಕದ್ದಲ್ಲ. ಮೀಟರಿನಿಂದ ಅಳೆದೇ ತಿಳಿಯಬೇಕು. ಏರ್‌ಬ್ಯಾಗಿಗೆ ಸೇರಿದ ತಂತಿಗಳನ್ನಂತೂ ಮುಟ್ಟಲೇಬಾರದು. ಅವುಗಳ ಕೂಡಿಕೆಗಳಿಗೆ ಸಾಮಾನ್ಯವಾಗಿ ಹಳದಿ ಬಣ್ಣವಿರುತ್ತದೆ.

ಪೆಟ್ಟಿಗೆ ಸಂಪೂರ್ಣ ಸತ್ತಿದ್ದರೆ ಕೀಲಿ ತಿರುಗಿಸಿ, ಮೀಟರಿನ ಒಂದು ಕಡ್ಡಿಯನ್ನು ಕಪ್ಪು ತಂತಿಗೂ ಇನ್ನೊಂದನ್ನು ಹಳದಿಗೂ, ಬಳಿಕ ಕೆಂಪಿಗೂ ಮುಟ್ಟಿಸಿ. ಎರಡರಲ್ಲೂ ೧೨ ವೋಲ್ಟಿಗೆ ಕಡಮೆಯಿಲ್ಲದೆ ಇರಬೇಕು. ಒಂದರಲ್ಲಿ ಮಾತ್ರ ಇಲ್ಲವಾದರೆ ಆ ಹಾದಿಯ ಫ್ಯೂಸನ್ನು ನೋಡಿ. ಎರಡರಲ್ಲೂ ಇಲ್ಲವಾದರೆ ಕಪ್ಪು ತಂತಿಯನ್ನು ಬಿಟ್ಟು, ಆ ಕಡ್ಡಿಯನ್ನು ಬ್ಯಾಟರಿಯ ಋಣಧ್ರುವಕ್ಕೆ ಮುಟ್ಟಿಸಿ ಮತ್ತೆ ಅಳೆಯಿರಿ. ಈಗ ೧೨ ವೋಲ್ಟು ಕಂಡರೆ ಕಡಿದುಹೋಗಿರುವುದು ಅರ್ತು.

ಫ್ಯೂಸಿನ ಬಗ್ಗೆ ಒಂದು ಮಾತು. ಇಂಥ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ೧೦ ಆಂಪಿಯರಿನ ಕೆಂಪು ಫ್ಯೂಸೋ ೧೫ ಆಂಪಿಯರಿನ ನೀಲಿ ಫ್ಯೂಸೋ ಇರುತ್ತದೆ. ಹಾಕಿದ ಫ್ಯೂಸು ಮತ್ತೆ ಮತ್ತೆ ಸುಟ್ಟರೆ ಅದು ಅಪರಾಧಿಯಲ್ಲ, ಸಾಕ್ಷಿ. ಎಲ್ಲಿಯೋ ತಂತಿಯ ಹೊದಿಕೆ ಉಕ್ಕಿನ ಅಂಚಿಗೆ ಉಜ್ಜಿ ಹರಿದು, ಪ್ರವಾಹ ಅಡ್ಡದಾರಿ ಹಿಡಿದಿದೆಯೆಂದು ಅದು ಹೇಳುತ್ತಿದೆ. ಈ ಸಾಕ್ಷಿಯ ಬಾಯಿ ಮುಚ್ಚಿಸಲು ಕೆಲವರು ಸಿಗರೇಟು ಪೊಟ್ಟಣದ ಬೇಗಡೆಯನ್ನೋ ತಾಮ್ರದ ತಂತಿಯನ್ನೋ ಸುತ್ತಿಡುವುದುಂಟು. ಇದರ ಫಲವನ್ನು ಲೆಕ್ಕ ಹಾಕಿ ನೋಡಿ. ಅಡ್ಡದಾರಿಯ ಒಟ್ಟು ತಡೆ ೦.೦೫ ಓಮ್ ಇದ್ದರೆ, ಓಮನು ೧೮೨೭ರಲ್ಲಿ ಪ್ರಕಟಿಸಿದ ನಿಯಮದಂತೆ ೧೨ನ್ನು ೦.೦೫ರಿಂದ ಭಾಗಿಸಬೇಕು: ಪ್ರವಾಹ ೨೪೦ ಆಂಪಿಯರು, ಅದರಿಂದಾಗುವ ಕಾವು ೨,೮೮೦ ವ್ಯಾಟು. ಸುಮಾರು ಮೂರು ಇಸ್ತ್ರಿಪೆಟ್ಟಿಗೆಗಳ ಕಾವು ಪ್ಲಾಸ್ಟಿಕ್ಕಿನ ಮರೆಯಲ್ಲಿ, ಕುಳಿತವರ ಮೊಣಕಾಲಿನ ಮುಂದೆ! ಕಾರು ಹೊತ್ತಿಕೊಳ್ಳಲು ಇನ್ನೇನು ಬೇಕು?

ಇಲ್ಲಿ ಮಾಡತಕ್ಕ ಸುಲಭೋಪಾಯವೊಂದಿದೆ. ಸುಟ್ಟ ಫ್ಯೂಸಿನ ಜಾಗದಲ್ಲಿ ಬ್ರೇಕಿನ ದೀಪದ ೧೨ ವೋಲ್ಟು, ೨೧ ವ್ಯಾಟಿನ ಬಲ್ಬೊಂದನ್ನು ಎರಡು ತುಂಡು ತಂತಿಗಳಿಂದ ಸೇರಿಸಿ, ಕೀಲಿಯನ್ನು ತೆಗೆದಿಡಿ. ಅಡ್ಡದಾರಿ ಎಷ್ಟೇ ಸಲೀಸಾಗಿರಲಿ, ಬಲ್ಬು ತನ್ನ ಮೂಲಕ ಸುಮಾರು ೨ ಆಂಪಿಯರಿಗಿಂತ ಹೆಚ್ಚನ್ನು ನಿರಂತರವಾಗಿ ಹರಿಯಗೊಡದು. ದೋಷವಿದ್ದರೆ ಬಲ್ಬು ಪ್ರಖರವಾಗಿ ಉರಿಯುತ್ತದೆ. ಆಗ ಪೆಟ್ಟಿಗೆಯ ಹಿಂದಿನ ಕೂಡಿಕೆಯನ್ನು ಕಳಚಿ. ಬಲ್ಬು ಆರಿದರೆ ದೋಷ ಪೆಟ್ಟಿಗೆಯ ಕಡೆ. ಉರಿಯುತ್ತಲೇ ಇದ್ದರೆ ತಂತಿಯಲ್ಲಿ. ತಂತಿಯನ್ನು ಗೇಣುಗೇಣಾಗಿ ಅಲುಗಾಡಿಸುತ್ತ ಹೋದರೆ ಬಲ್ಬು ಮಿಣುಕಿದೆಡೆಯಲ್ಲಿ ಗಾಯವಿದೆಯೆಂದು ತಿಳಿಯಬಹುದು. ಒಂದು ಫ್ಯೂಸೂ ಖರ್ಚಾಗುವುದಿಲ್ಲ.

ಇನ್ನು ಎಲ್ಲಕ್ಕಿಂತ ಹೆಚ್ಚು ಜನರನ್ನು ಮೋಸಗೊಳಿಸುವ ದೋಷ. ಧ್ವನಿ ತಗ್ಗಿರುವಾಗ ಪೆಟ್ಟಿಗೆ ಚೆನ್ನಾಗಿ ಹಾಡುತ್ತದೆ; ಧ್ವನಿ ಏರಿಸಿದೊಡನೆ ಆರಿ, ಮತ್ತೆ ಹೊತ್ತಿಕೊಳ್ಳುತ್ತದೆ. ಪೆಟ್ಟಿಗೆಯನ್ನು ನಿಲ್ಲಿಸಿ ಮೀಟರು ಹಿಡಿದರೆ ೧೨.೫ ವೋಲ್ಟು ಕಾಣುತ್ತದೆ. “ವಿದ್ಯುತ್ತು ಸರಿಯಾಗಿದೆ, ಪೆಟ್ಟಿಗೆಯೇ ಕೆಟ್ಟಿದೆ” ಎಂದು ತೀರ್ಪಾಗುತ್ತದೆ. ಈ ತೀರ್ಪು ನಿಲ್ಲುವಂಥದಲ್ಲ. ಮಾಳಿಗೆಯ ತೊಟ್ಟಿಯಿಂದ ಬರುವ ಕೊಳವೆಯಲ್ಲಿ ಅರ್ಧ ಕಸ ಕಟ್ಟಿದ್ದರೂ, ನಲ್ಲಿ ಮುಚ್ಚಿರುವಾಗ ಅಲ್ಲಿ ನೀರಿನ ಒತ್ತಡ ಪೂರ್ಣವಾಗಿಯೇ ಇರುತ್ತದೆ. ನಲ್ಲಿ ತಿರುಗಿಸಿದಾಗ ತಾನೇ ಬಣ್ಣ ಬಯಲಾಗುವುದು? ವಿದ್ಯುತ್ತಿನ ಹಾದಿಯೂ ಹಾಗೆಯೇ. ಪ್ರವಾಹ ಹರಿಯದಿರುವಾಗ ತಡೆಯು ಒತ್ತಡವನ್ನು ನುಂಗಲಾರದು.

ಆದ್ದರಿಂದ ಪೆಟ್ಟಿಗೆ ಗಟ್ಟಿಯಾಗಿ ಹಾಡುತ್ತಿರುವಾಗಲೇ ಅಳೆಯತಕ್ಕದ್ದು. ಆಗ ೮ ಆಂಪಿಯರು ಹರಿಯುತ್ತಿದೆಯೆಂದೂ, ಬ್ಯಾಟರಿಯಲ್ಲಿ ೧೨.೪ ವೋಲ್ಟು, ಪೆಟ್ಟಿಗೆಯಲ್ಲಿ ೯.೯ ವೋಲ್ಟು ಇದೆಯೆಂದೂ ಇಟ್ಟುಕೊಳ್ಳೋಣ. ೨.೫ ವೋಲ್ಟು ದಾರಿಯಲ್ಲಿ ಕಳುವಾಯಿತು. ಕಳ್ಳನೆಲ್ಲಿ? ಬ್ಯಾಟರಿಯ ಧನಧ್ರುವಕ್ಕೂ ಹಳದಿ ತಂತಿಯ ತುದಿಗೂ ನಡುವೆ ಅಳೆದರೆ ೦.೧ ವೋಲ್ಟು, ಋಣಧ್ರುವಕ್ಕೂ ಕಪ್ಪು ತಂತಿಯ ತುದಿಗೂ ನಡುವೆ ೨.೪ ವೋಲ್ಟು. ಕಳ್ಳನಿರುವುದು ಅರ್ತಿನಲ್ಲಿ. ೨.೪ನ್ನು ೮ರಿಂದ ಭಾಗಿಸಿದರೆ ತಡೆ ೦.೩ ಓಮ್. ಇಷ್ಟು ಅಲ್ಪವಾದ ತಡೆಯಲ್ಲೇ ೧೯ ವ್ಯಾಟಿಗೂ ಹೆಚ್ಚಿನ ಶಕ್ತಿ ಸುಮ್ಮನೆ ಕಾವಾಗಿ ಹೋಗುತ್ತಿದೆ! ಬಣ್ಣದ ಮೇಲೆಯೇ ಬಿಗಿದ ಸ್ಕ್ರೂ, ಕರಾವಳಿಯ ಉಪ್ಪುಗಾಳಿಗೆ ತುಕ್ಕು ಹಿಡಿದ ಮೊಳೆ, ಸಡಿಲವಾದ ಬ್ಯಾಟರಿ ಹಿಡಿಕೆ, ಇವೇ ಇದಕ್ಕೆ ಸಾಮಾನ್ಯ ಕಾರಣಗಳು. ಬಣ್ಣವನ್ನು ಕೆರೆದು, ಲೋಹ ಹೊಳೆಯುವಂತೆ ಮಾಡಿ, ಬಿಗಿದು, ಮೇಲೆ ಸ್ವಲ್ಪ ಗ್ರೀಸು ಸವರಿದರೆ ಕೆಲಸ ಮುಗಿಯಿತು. ಹೊಸ ಪೆಟ್ಟಿಗೆಯನ್ನು ತಂದಿದ್ದರೂ ಇದೇ ತುಕ್ಕಿನ ಮೇಲೆ ಅದೂ ಆರುತ್ತಿತ್ತಷ್ಟೆ.

ಒಂದು ಕಡೆಯ ಸ್ಪೀಕರು ಮಾತ್ರ ಮೂಕವಾದರೆ ತರ್ಕಶಾಸ್ತ್ರದ ವಿದ್ಯಾರ್ಥಿಗಳು ನೆರವಿಗೆ ಬರಬಹುದು. ಜಾನ್ ಸ್ಟೂಅರ್ಟ್ ಮಿಲ್ಲನು ೧೮೪೩ರ ತನ್ನ ತರ್ಕಗ್ರಂಥದಲ್ಲಿ ವಿವರಿಸಿದ ವ್ಯತಿರೇಕ ವಿಧಾನವೇ ಇಲ್ಲಿಯ ಮದ್ದು: ಒಂದನ್ನು ಮಾತ್ರ ಬದಲಾಯಿಸಿ, ಉಳಿದುದನ್ನೆಲ್ಲ ಹಾಗೆಯೇ ಬಿಟ್ಟು, ಫಲವನ್ನು ನೋಡುವುದು. ಪೆಟ್ಟಿಗೆಯನ್ನು ನಿಲ್ಲಿಸಿ, ಅದರ ಹಿಂದೆ ಎಡ ಬಲ ಸ್ಪೀಕರುಗಳ ತಂತಿಜೋಡಿಗಳನ್ನು ಅದಲು ಬದಲು ಮಾಡಿ. ಮೌನವು ಇನ್ನೊಂದು ಸ್ಪೀಕರಿಗೆ ದಾಟಿದರೆ ದೋಷ ಪೆಟ್ಟಿಗೆಯದು. ಇದ್ದಲ್ಲಿಯೇ ಇದ್ದರೆ ಸ್ಪೀಕರಿನದು ಅಥವಾ ಅದರ ತಂತಿಯದು. ಸ್ಪೀಕರನ್ನು ಕಳಚಿ ಮೀಟರಿನಿಂದ ಅಳೆದರೆ ೪ ಓಮಿನದು ೩ರಿಂದ ೪ರ ನಡುವೆ ತೋರಿಸಬೇಕು. ಇಂದಿನ ಪೆಟ್ಟಿಗೆಗಳಲ್ಲಿ ಸ್ಪೀಕರಿನ ಎರಡು ತಂತಿಗಳಲ್ಲಿ ಯಾವುದನ್ನೂ ಕಾರಿನ ಮೈಗೆ ಸೇರಿಸಬಾರದೆಂಬುದನ್ನು ಮರೆಯಬಾರದು, ಎರಡರಲ್ಲಿಯೂ ಒತ್ತಡವಿರುತ್ತದೆ.

ಕೊನೆಯದಾಗಿ, ಮೂರು ದಿನ ನಿಲ್ಲಿಸಿದ ಕಾರು ಬೆಳಗ್ಗೆ ಹೊರಡದಿದ್ದರೆ ಸ್ಟೀರಿಯೊವನ್ನೂ ವಿಚಾರಿಸಬೇಕು. ಕೆಂಪು ತಂತಿಯನ್ನು ಹಳದಿಯ ಜೊತೆ ಹೆಣೆದಿದ್ದರೆ ಪೆಟ್ಟಿಗೆಗೆ ನಿದ್ರೆಯೇ ಬಾರದು. ಅದು ಅರ್ಧ ಆಂಪಿಯರು ಎಳೆಯುತ್ತಿದ್ದರೆ, ೪೦ ಆಂಪಿಯರ್ ಗಂಟೆಯ ತುಂಬಿದ ಬ್ಯಾಟರಿ ೮೦ ಗಂಟೆಗಳಲ್ಲಿ ಬರಿದಾಗುತ್ತದೆ. ಎಂಜಿನನ್ನು ತಿರುಗಿಸುವ ಬಲವಂತೂ ಅದಕ್ಕೆ ಬಹಳ ಮೊದಲೇ ಕುಂದಿರುತ್ತದೆ. ಘಟ್ಟದ ದಾರಿಯಲ್ಲಿ ರಾತ್ರಿ ಇಂಥ ಸಂದರ್ಭ ಒದಗಿದರೆ ಸಂಗೀತದ ಬೆಲೆ ದುಬಾರಿಯಾದೀತು.

ಇದಕ್ಕೆಲ್ಲ ಬೇಕಾದದ್ದು ಒಂದು ಮೀಟರು, ಒಂದು ಬಲ್ಬು, ಒಂದು ಹಾಳೆ ಕಾಗದ. ತಂತಿ ಕತ್ತರಿಸುವ ಮೊದಲು ಬ್ಯಾಟರಿಯ ಋಣಧ್ರುವವನ್ನು ಕಳಚಿಡಿ. ಅಳೆದ ಅಂಕೆಗಳನ್ನೆಲ್ಲ ಕ್ರಮವಾಗಿ ಬರೆದಿಡಿ. ದುರಸ್ತಿ ನಿಮ್ಮ ಕೈಯಿಂದಾಗದಿದ್ದರೂ ಚಿಂತೆಯಿಲ್ಲ. ಆ ಕಾಗದವನ್ನು ಹಿಡಿದು ಮೆಕ್ಯಾನಿಕ್ಕಿನ ಬಳಿಗೆ ಹೋದರೆ, ಒಳ್ಳೆಯವನಿಗೆ ಅರ್ಧ ಕೆಲಸ ಉಳಿಯುತ್ತದೆ. ಅಳಲೆಕಾಯಿ ಪಂಡಿತನಿಗೆ ಹೊಸ ಪೆಟ್ಟಿಗೆ ಮಾರುವ ಧೈರ್ಯ ಬರುವುದಿಲ್ಲ.